ಬಾಡಿಗೆಗೆ ತಂದ ಏರ್ ಬೆಡ್: ಐದು ತಿಂಗಳ ಅನುಭವ

ಹೊಟ್ಟೆಯ ಕ್ಯಾನ್ಸರ್‌ಗಾಗಿ ನಮ್ಮ ತಂದೆಯವರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಕೀಮೋ ನಡೆಯುತ್ತಿತ್ತು. ಮೊದಮೊದಲು ತಾವೇ ಎದ್ದು ಬಚ್ಚಲಿಗೆ ಹೋಗಿಬರುತ್ತಿದ್ದವರು, ನಾಲ್ಕನೆಯ ಸುತ್ತು ಮುಗಿಯುವ ಹೊತ್ತಿಗೆ ಗೋಡೆ ಹಿಡಿದರೂ ನಾಲ್ಕು ಹೆಜ್ಜೆ ಇಡಲಾಗದೆ ದಿನದ ಬಹುಪಾಲನ್ನು ಮಂಚದ ಮೇಲೆಯೇ ಕಳೆಯತೊಡಗಿದರು. ಬೆನ್ನಿನ ಬುಡದಲ್ಲಿ ಚರ್ಮ ಕೆಂಪಾಗುತ್ತಿರುವುದನ್ನು, ಅಂದರೆ ಹಾಸಿಗೆ ಹುಣ್ಣಿನ ಮೊದಲ ಸೂಚನೆಯನ್ನು, ಅಮ್ಮ ಸ್ನಾನ ಮಾಡಿಸುವಾಗ ಮೊದಲು ಗಮನಿಸಿದರು. ಅದೇ ವಾರ ಹತ್ತಿರದ ಅಂಗಡಿಯೊಂದರಿಂದ ತಿಂಗಳಿಗೆ 1,500 ರೂಪಾಯಿ ಬಾಡಿಗೆಗೆ ಏರ್ ಬೆಡ್ ತಂದೆವು.

ಇದು ಮಾಮೂಲಿ ಹಾಸಿಗೆಯ ಮೇಲೆ ಹಾಸುವ, ಸಾಲುಸಾಲು ಗುಳ್ಳೆಗಳಿರುವ ತೆಳುವಾದ ಹಾಸು. ಎರಡು ಕೊಳವೆಗಳಿರುವ ಸಣ್ಣ ಪಂಪು ಕೆಲವು ನಿಮಿಷಗಳಿಗೊಮ್ಮೆ ಒಂದು ಸಾಲನ್ನು ಉಬ್ಬಿಸಿ ಪಕ್ಕದ ಸಾಲನ್ನು ಇಳಿಸುತ್ತದೆ. ಹೀಗಾಗಿ ಮೈಯ ಒಂದೇ ಜಾಗದ ಮೇಲೆ ಭಾರ ಬಿದ್ದು ರಕ್ತ ಸಂಚಾರ ನಿಲ್ಲುವುದು ತಪ್ಪುತ್ತದೆ. ಮಾಂಸಖಂಡ ಕರಗಿ ಎಲುಬು ಮೇಲೆದ್ದ ದೇಹಕ್ಕೆ ಇದು ಎಷ್ಟು ಮುಖ್ಯವೆಂಬುದು ಹತ್ತಿರದಿಂದ ಕಂಡವರಿಗೆ ಮಾತ್ರ ಅರ್ಥವಾಗುತ್ತದೆ. ತಂದೆಯವರ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧದಿಂದಾಗಿ ಅವರ ಪಾದಗಳು ಜೋಮು ಹಿಡಿದಂತಾಗಿ, ಹಿಮ್ಮಡಿ ಉಜ್ಜಿ ಹೋಗುತ್ತಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ನೋವೆಂದು ಅವರು ಹೇಳಲಿ ಎಂದು ಕಾಯುವಂತಿರಲಿಲ್ಲ. ನಾವೇ ದಿನಕ್ಕೆರಡು ಬಾರಿ ನೋಡಬೇಕಿತ್ತು.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ರೋಗಿಯ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಲು ಪಂಪಿನ ಮೇಲೊಂದು ತಿರುಗಿಸುವ ನಾಬ್ ಇರುತ್ತದೆ, ಅದರ ಸುತ್ತ ಕಿಲೋ ಲೆಕ್ಕದಲ್ಲಿ ಅಂಕಿಗಳಿರುತ್ತವೆ. ಕೆಲವು ಪಂಪುಗಳಲ್ಲಿ ಮೆದು, ಗಟ್ಟಿ ಎಂಬ ಗುರುತು ಮಾತ್ರ. ಅಂಗಡಿಯ ಹುಡುಗ ಬಂದು ತೂಕವೆಷ್ಟೆಂದು ಕೇಳಿದಾಗ, ಕಾಯಿಲೆ ಪತ್ತೆಯಾದ ದಿನ ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದ 68 ಎಂಬ ಸಂಖ್ಯೆಯನ್ನೇ ನಾನು ಹೇಳಿದೆ; ಅವನು ಎಪ್ಪತ್ತಕ್ಕೆ ಇಟ್ಟು ಹೋದ. ಮುಂದೆ ಅದನ್ನು ಬದಲಿಸಬೇಕೆಂದು ಅವನು ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಎರಡು ತಿಂಗಳಾದ ಮೇಲೆ ಮನೆಗೆ ಬಂದ ಉಪಶಾಮಕ ಆರೈಕೆಯ (ರೋಗಿಯ ನೋವು, ತೊಂದರೆ ತಗ್ಗಿಸುವ ಪ್ಯಾಲಿಯೇಟಿವ್ ಕೇರ್) ನರ್ಸ್, ತಂದೆಯವರನ್ನು ಮುಟ್ಟುವ ಮೊದಲೇ ಹಾಸನ್ನು ಅಂಗೈಯಿಂದ ಒತ್ತಿ ನೋಡಿ, "ಇದು ಹಲಗೆಯ ಹಾಗಾಗಿದೆಯಲ್ಲ" ಎಂದರು. ಆಗ ತಂದೆಯವರ ತೂಕ 51 ಕಿಲೋ. ಹಾಸು ಅವರ ದೇಹಕ್ಕೆ ಬಗ್ಗುವುದನ್ನೇ ನಿಲ್ಲಿಸಿತ್ತು. ಕೆಂಪು ಆರದಿರಲು ಅದೇ ಕಾರಣವೆಂದು ನರ್ಸ್ ತಿಳಿಸಿದರು. ಸರಿಯಾದ ಗಾಳಿಯನ್ನು ಕಂಡುಕೊಳ್ಳುವ ಬಗೆಯನ್ನೂ ಅವರೇ ತೋರಿಸಿದರು: ರೋಗಿ ಮಲಗಿರುವಾಗ ಪೃಷ್ಠದ ನೇರಕ್ಕೆ ಹಾಸಿನ ಅಡಿಗೆ ಅಂಗೈ ಮೇಲಾಗಿ ಕೈ ತೂರಿಸಬೇಕು, ದೇಹಕ್ಕೂ ಕೈಗೂ ನಡುವೆ ಸುಮಾರು ಒಂದು ಇಂಚಿನಷ್ಟು ಗಾಳಿ ಉಳಿದಿರಬೇಕು. ಎಲುಬೇ ಕೈಗೆ ತಾಗಿದರೆ ಗಾಳಿ ಸಾಲದು.

ಅಂದಿನಿಂದ ತೂಕ ನೋಡಿದಾಗಲೆಲ್ಲ ನಾಬ್ ಇಳಿಸುತ್ತೇನೆ. ಪ್ರತಿ ಸಲವೂ ತಂದೆಯವರು "ಎಷ್ಟಕ್ಕಿಟ್ಟೆ?" ಎಂದು ಕೇಳುತ್ತಾರೆ. ಮೊದಲ ಸಲ ಸುಳ್ಳು ಹೇಳಿದೆ, ಅವರಿಗೆ ಗೊತ್ತಾಯಿತು. ಈಗ ಇದ್ದದ್ದನ್ನೇ ಹೇಳುತ್ತೇನೆ. ಅಮ್ಮ ಆ ಹೊತ್ತಿಗೆ ಅಡುಗೆಮನೆಗೆ ಹೋಗಿಬಿಡುತ್ತಾರೆ.

ಏರ್ ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ. ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸುತ್ತೇವೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಗಳನ್ನು ಹಾಸಿನಿಂದ ಮೇಲೆತ್ತಿರುತ್ತೇವೆ. ಮೇಲೆ ದಪ್ಪ ಹೊದಿಕೆ, ರಬ್ಬರ್ ಶೀಟು ಎಂದು ಪದರದ ಮೇಲೆ ಪದರ ಹಾಕಿದರೆ ಗುಳ್ಳೆಗಳ ಉಪಯೋಗವೇ ಇಲ್ಲವಾಗುತ್ತದೆ. ಅಮ್ಮನ ಹಳೆಯ ಹತ್ತಿ ಸೀರೆಯೊಂದನ್ನು ಸುಕ್ಕಿಲ್ಲದಂತೆ ಸಡಿಲವಾಗಿ ಹಾಸುವುದು ನಮಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದೆ.

ಪಂಪಿನ ಸದ್ದು ರಾತ್ರಿ ಕಿರಿಕಿರಿ ಮಾಡುತ್ತಿತ್ತು. ನೆಲದಿಂದೆತ್ತಿ ಮಂಚದ ಕಾಲ್ದೆಸೆಗೆ ನೇತುಹಾಕಿ, ನಡುವೆ ಮಡಿಸಿದ ಟವೆಲ್ ಇಟ್ಟ ಮೇಲೆ ತಗ್ಗಿತು. ಇದಕ್ಕೆ ತಗಲುವ ವಿದ್ಯುತ್ ತೀರಾ ಕಡಿಮೆಯಾದ್ದರಿಂದ ಮನೆಯ ಯುಪಿಎಸ್‌ಗೇ ಜೋಡಿಸಬಹುದು. ಜೋಡಿಸಲೇಬೇಕು, ಏಕೆಂದರೆ ಕರೆಂಟ್ ಹೋದರೆ ಗಾಳಿ ಮೆಲ್ಲಗೆ ಇಳಿದುಹೋಗುತ್ತದೆ.

ಸರಿಯಾಗಿ ಇಟ್ಟ ಮೂರು ವಾರಗಳಲ್ಲಿ ಬೆನ್ನಿನ ಕೆಂಪು ಮಾಯವಾಯಿತು, ಚರ್ಮ ಒಡೆಯಲಿಲ್ಲ. ಹಾಸಿಗೆ ಹಿಡಿದವರಿರುವ ಮನೆಗೆ ಈ ವಸ್ತುವನ್ನು ಅನುಮಾನವಿಲ್ಲದೆ ಸೂಚಿಸುತ್ತೇನೆ. ಅಂಗಡಿಯ ಬಗ್ಗೆ ಹಾಗೆ ಹೇಳಲಾರೆ: ನಾಬಿನ ವಿಷಯ ತಿಳಿಸಲು ಫೋನ್ ಮಾಡಿದಾಗ, ಅದೆಲ್ಲ ಡಾಕ್ಟರು ಹೇಳಬೇಕಾದದ್ದು ಎಂದರು. ಮೂರು ತಿಂಗಳ ಬಾಡಿಗೆಯೇ ಹೊಸದರ ಬೆಲೆಯನ್ನು ದಾಟುತ್ತಿದ್ದುದರಿಂದ ಅವರದನ್ನು ಹಿಂದಿರುಗಿಸಿ ಸ್ವಂತದ್ದೊಂದನ್ನು ಕೊಂಡೆವು. ಅದರ ನಾಬ್ ಈಗ ನಲವತ್ತಾರರಲ್ಲಿದೆ.