ಕೋತಿಯ ಬುರುಡೆಯ ವಯಸ್ಸು: ಹಲ್ಲು ನೋಡಬೇಕಾ, ಹೊಲಿಗೆ ನೋಡಬೇಕಾ?

ರೀಸಸ್ ಕೋತಿಯ ಬುರುಡೆ ಕೈಗೆ ಬಂದರೆ ಮೊದಲು ಬಾಯಿ ನೋಡಿ. ಹಾಲುಹಲ್ಲು 20, ಶಾಶ್ವತ ಹಲ್ಲು 32, ನಮ್ಮ ಹಾಗೇ. ಮೊದಲ ಶಾಶ್ವತ ದವಡೆಹಲ್ಲು ಸುಮಾರು ಒಂದೂವರೆ ವರ್ಷಕ್ಕೆ ಬರುತ್ತದೆ, ಕೊನೆಯದು ಸುಮಾರು 6 ವರ್ಷಕ್ಕೆ. ಅಷ್ಟರವರೆಗೆ ಹಲ್ಲಿನಷ್ಟು ನಂಬಿಕಸ್ತ ಗುರುತು ಇನ್ನೊಂದಿಲ್ಲ.

ಎಲ್ಲ ಹಲ್ಲೂ ಬಂದ ಮೇಲೆ ಕಷ್ಟ ಶುರು. ಆಗ ಸವೆತ ನೋಡಬೇಕು. ದವಡೆಹಲ್ಲಿನ ಉಬ್ಬುಗಳು ಚಪ್ಪಟೆಯಾಗಿ, ಬಿಳಿ ಎನಾಮಲ್ ನಡುವೆ ಕಂದು ಬಣ್ಣದ ಡೆಂಟಿನ್, ಅಂದರೆ ಹಲ್ಲಿನ ಒಳಪದರ, ಇಣುಕುತ್ತದೆ. ಆದರೆ ಮರಳು ಮೆತ್ತಿದ ತಿನಿಸು ಜಾಸ್ತಿ ತಿಂದ ಕೋತಿಯ ಹಲ್ಲು ಬೇಗ ಸವೆಯುತ್ತದೆ. ವಯಸ್ಸು ಹೆಚ್ಚೆಂದು ಮೋಸ ಹೋಗಬಹುದು.

ಬುರುಡೆಯ ಮೂಳೆಗಳು ಕೂಡುವ ಗೆರೆಗಳು, ಅಂದರೆ ಹೊಲಿಗೆಗಳು, ವಯಸ್ಸಾದಂತೆ ಮುಚ್ಚುತ್ತವೆ, ನಿಜ. ಆದರೆ ಒಂದೊಂದು ಪ್ರಾಣಿಯಲ್ಲಿ ಒಂದೊಂದು ವೇಗ. ನೆತ್ತಿಯ ಹೊಲಿಗೆ ನೋಡಿ ವರ್ಷ ಹೇಳುವುದನ್ನು ನಾನಂತೂ ಒಪ್ಪುವುದಿಲ್ಲ. ಬುರುಡೆಯ ತಳದಲ್ಲಿ, ಬೆನ್ನುಹುರಿ ಹಾದುಹೋಗುವ ದೊಡ್ಡ ತೂತಿನ ಮುಂದಿರುವ ಬೆಸುಗೆ ಮಾತ್ರ ಬೇರೆ. ಅದು ತೆರೆದಿದ್ದರೆ ಪ್ರಾಣಿ ಇನ್ನೂ ಬೆಳೆಯುತ್ತಿತ್ತು ಎನ್ನಬಹುದು.

ಮೂತಿಯ ಉದ್ದ ಸುಮ್ನೆ ಒಂದು ಸುಳಿವು ಅಷ್ಟೇ. ಮಿದುಳಿನ ಗೂಡು ಬೇಗ ಬೆಳೆದು ನಿಲ್ಲುತ್ತದೆ, ಮುಖ ಆಮೇಲೂ ಮುಂದೆ ಚಾಚುತ್ತದೆ, ಗಂಡಿನಲ್ಲಿ ಇನ್ನೂ ಜಾಸ್ತಿ.

ಹೋಲಿಸಲು ವಯಸ್ಸು ಗೊತ್ತಿರುವ ಬುರುಡೆಗಳು ಬೇಕಲ್ವಾ? ಪೋರ್ಟೊ ರಿಕೋದ ಕಾಯೋ ಸಾಂಟಿಯಾಗೋ ದ್ವೀಪಕ್ಕೆ 1938ರಲ್ಲಿ ಭಾರತದಿಂದ ಒಯ್ದ ರೀಸಸ್ ಕೋತಿಗಳ ಸಂತತಿಯ ಅಸ್ಥಿಪಂಜರಗಳ ಸಂಗ್ರಹವಿದೆ. ಹುಟ್ಟಿದ ದಿನಾಂಕ ದಾಖಲಾಗಿರುವುದರಿಂದ ಎರಡೂ ವಿಧಾನವನ್ನು ಅವುಗಳ ಮೇಲೆ ಒರೆಗೆ ಹಚ್ಚಬಹುದು.