ಧರ್ಮಗ್ರಂಥ ಜೋಡಿಸಲು ಝೀಲೇಟೆಕ್: ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಗೀತೆ, ಬೈಬಲ್, ಕುರಾನ್, ಉಪನಿಷತ್ತು ಯಾವುದೇ ಇರಲಿ, ಒಂದಕ್ಷರವೂ ಆಚೀಚೆ ಆಗಬಾರದಂಥ ಪಠ್ಯವನ್ನು ಪುಸ್ತಕ ಮಾಡಬೇಕು ಅಂದರೆ ನಾನು ಝೀಲೇಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನೇ ಆರಿಸಿಕೊಳ್ಳುತ್ತೇನೆ. ಕಲಿಯಲು ಕಷ್ಟ. ಕೆಲವು ಕಡೆ ಚೆನ್ನಾಗಿ ಸತಾಯಿಸುತ್ತದೆ. ಆದರೂ ಇದೇ ಬೇಕು. ಪುಟ ಚೆಂದ ಕಾಣಿಸುವುದನ್ನು ಬೇರೆ ತಂತ್ರಾಂಶಗಳೂ ಮಾಡುತ್ತವೆ. ಮೂಲ ಪಾಠ ಕೆಡದ ಹಾಗೆ ಕಾಯಲು ಇದರಲ್ಲಿರುವಷ್ಟು ಅನುಕೂಲ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹೆಸರು ಕೇಳದವರಿಗೆ ಸ್ವಲ್ಪ ಹಿನ್ನೆಲೆ. ಡೊನಾಲ್ಡ್ ಕನೂತ್ 1978ರಲ್ಲಿ ಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಹೊರತಂದರು. ಅದರ ಮೇಲೆ 80ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಟೆಕ್ ಬಳಕೆಯನ್ನು ಸುಲಭ ಮಾಡುವ ಕಮಾಂಡುಗಳ ಕಟ್ಟಾದ ಲೇಟೆಕ್ ಕಟ್ಟಿದರು. ಇವೆರಡೂ ಹುಟ್ಟಿದಾಗ, ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿ ಇರಲೇ ಇಲ್ಲ, ಹಾಗಾಗಿ ನಮ್ಮ ಲಿಪಿಗಳನ್ನು ಅದರಲ್ಲಿ ಕೂರಿಸುವುದು ಬಹಳ ಕಾಲ ದೊಡ್ಡ ಹೆಣಗಾಟವೇ ಆಗಿತ್ತು. 2004ರಲ್ಲಿ ಜೊನಾಥನ್ ಕ್ಯೂ ಅವರು ಯುನಿಕೋಡನ್ನು ನೇರವಾಗಿ ಓದಬಲ್ಲ ಟೆಕ್ ಆದ ಝೀಟೆಕ್ ತಂದರು, ಕಥೆ ಬದಲಾಯಿತು. ಅವರು ಆಗ ಇದ್ದದ್ದು ಎಸ್‌ಐಎಲ್ ಸಂಸ್ಥೆಯಲ್ಲಿ. ಸಣ್ಣ ಸಣ್ಣ ಭಾಷೆಗಳ ಅಧ್ಯಯನ ಮತ್ತು ಬೈಬಲ್ ಅನುವಾದ ಆ ಸಂಸ್ಥೆಯ ಮುಖ್ಯ ಕೆಲಸ. ಅಂದರೆ ಯಾವ ಲಿಪಿಯೇ ಆಗಲಿ, ಅದರಲ್ಲಿ ಧರ್ಮಗ್ರಂಥ ಅಚ್ಚಾಗಬೇಕು ಅನ್ನುವ ಅಗತ್ಯ ಇದರ ಹುಟ್ಟಿನ ಹಿಂದೆಯೇ ಇದೆ. ಝೀಟೆಕ್ ಮೇಲೆ ಲೇಟೆಕ್ ಓಡಿಸಿದರೆ ಅದೇ ಝೀಲೇಟೆಕ್. ದುಡ್ಡು ಕೊಡಬೇಕಿಲ್ಲ, ಎಲ್ಲ ಬಗೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಈಗ ಪಾಠ ಕಾಯುವ ವಿಷಯ. ಪುಟಗಳನ್ನು ಮೌಸ್ ಹಿಡಿದು ಕೂರಿಸುವ ತಂತ್ರಾಂಶಗಳಲ್ಲಿ ಪಠ್ಯವೂ ವಿನ್ಯಾಸವೂ ಒಂದರೊಳಗೊಂದು ಬೆರೆತಿರುತ್ತವೆ. ಪೆಟ್ಟಿಗೆ ಸರಿಸುವಾಗ ಕೈ ತಪ್ಪಿ ಒಂದಕ್ಷರ ಅಳಿಸಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಝೀಲೇಟೆಕ್‌ನಲ್ಲಿ ಎಲ್ಲವೂ ಸಾದಾ ಪಠ್ಯದ ಫೈಲು. ಶ್ಲೋಕಗಳನ್ನು ಒಂದು ಫೈಲಿನಲ್ಲಿಟ್ಟು, ವಿನ್ಯಾಸದ ಕಮಾಂಡುಗಳನ್ನು ಇನ್ನೊಂದರಲ್ಲಿಟ್ಟು, ಮೂಲದ ಫೈಲಿಗೆ ಬೀಗ ಹಾಕಿದ ಹಾಗೆ ಬಿಟ್ಟುಬಿಡಬಹುದು. ಫಾಂಟ್ ಬದಲಿಸಿ, ಪುಟದ ಅಳತೆ ಬದಲಿಸಿ, ಒಂದು ಕಾಲಂ ಎರಡಾಗಲಿ, ಆ ಫೈಲನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಕೊನೆಗೆ ಕಮಾಂಡುಗಳನ್ನೆಲ್ಲ ತೆಗೆದುಹಾಕಿ, ಉಳಿದ ಪಠ್ಯವನ್ನು ಮೊದಲು ಒಪ್ಪಿಗೆಯಾದ ಪ್ರತಿಯ ಜೊತೆ ಕಂಪ್ಯೂಟರಿನಿಂದಲೇ ಹೋಲಿಸಿ ನೋಡಬಹುದು. ವ್ಯತ್ಯಾಸ ಸೊನ್ನೆ ಬಂದರೆ ಕರಡು ತಿದ್ದುವವರಿಗೆ ಎಷ್ಟು ನೆಮ್ಮದಿ ಅಲ್ವಾ?

ಇನ್ನೊಂದು ಸಂಗತಿ ಜಾಸ್ತಿ ಜನ ಗಮನಿಸುವುದಿಲ್ಲ. ವರ್ಡ್ ಪ್ರೊಸೆಸರುಗಳು ನಮ್ಮನ್ನು ಕೇಳದೆ ಉದ್ಧರಣ ಚಿಹ್ನೆ ತಿರುಗಿಸುತ್ತವೆ, ಗೆರೆ ಉದ್ದ ಮಾಡುತ್ತವೆ. ಝೀಟೆಕ್ ತಾನಾಗಿ ಯುನಿಕೋಡ್ ಅಕ್ಷರಗಳ ಕ್ರಮವನ್ನು ಬದಲಿಸಲು ಹೋಗುವುದಿಲ್ಲ, ನೀವು ಹೇಳಿದರೆ ಮಾತ್ರ ಮಾಡುತ್ತದೆ. ಹೀಬ್ರೂ ಪಠ್ಯದಲ್ಲಿ ಸ್ವರಚಿಹ್ನೆಗಳ ಕ್ರಮ ಬದಲಾದರೆ ಕಾಣುವ ರೂಪವೇ ಕೆಡಬಹುದು, ಅದಕ್ಕೇ ಹೀಬ್ರೂ ಜೋಡಿಸುವವರಿಗೆ ಇದು ಮುಖ್ಯ. ಆದರೆ ಒಂದು ಎಚ್ಚರಿಕೆ. ಲೇಟೆಕ್‌ನ ಹಳೇ ಅಭ್ಯಾಸದ ಪ್ರಕಾರ ಎರಡು ಹೈಫನ್ ಒಟ್ಟಿಗೆ ಬಂದರೆ ಅದು ಉದ್ದ ಗೆರೆ ಆಗುತ್ತದೆ. ಫಾಂಟ್ ಹೊಂದಿಸುವ ಜಾಗದಲ್ಲಿ ಇದನ್ನು ನಿಲ್ಲಿಸಬಹುದು. ಧರ್ಮಗ್ರಂಥಕ್ಕೆ ನಿಲ್ಲಿಸಿಯೇ ಶುರು ಮಾಡಿ.

ಗಾಬರಿ ಆಗುವಂಥದ್ದು ಬೇರೆಯೇ ಇದೆ. ಫಾಂಟಿನಲ್ಲಿ ಇಲ್ಲದ ಅಕ್ಷರ ಪಠ್ಯದಲ್ಲಿ ಬಂದರೆ ಟೆಕ್ ಕೆಲಸ ನಿಲ್ಲಿಸುವುದಿಲ್ಲ. ಉದಾಹರಣೆಗೆ ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕದ ಕೊನೆಯ ಪಾದದಲ್ಲಿ ‘ಸಂಗೋಽಸ್ತ್ವಕರ್ಮಣಿ’ ಅಂತ ಬರುತ್ತದೆ. ನಡುವೆ ಇರುವ ಅವಗ್ರಹ (ಽ) ಕೆಲವು ಫಾಂಟುಗಳಲ್ಲಿ ಇಲ್ಲ. ಆಗ ಅಲ್ಲಿ ಖಾಲಿ ಚೌಕವೋ ಬರೀ ಜಾಗವೋ ಬಂದು, ಪಿಡಿಎಫ್ ಮಾತ್ರ ಸಲೀಸಾಗಿ ತಯಾರಾಗುತ್ತದೆ. ಟೆಕ್ ತನ್ನ ಕೆಲಸದ ವರದಿ ಬರೆದಿಡುವ ಸಾವಿರಾರು ಸಾಲಿನ ಲಾಗ್ ಫೈಲಿನೊಳಗೆ ಎಲ್ಲೋ ಒಂದು ಕಡೆ ಇಂಥ ಅಕ್ಷರ ಸಿಗಲಿಲ್ಲ ಅಂತ ಬರೆದಿರುತ್ತದೆ, ಅಷ್ಟೇ. ಧರ್ಮಗ್ರಂಥಕ್ಕೆ ಇದು ಸಲ್ಲದು. ಪರಿಹಾರ ಇದೆ: ‘ಟ್ರೇಸಿಂಗ್‌ಲಾಸ್ಟ್‌ಕ್ಯಾರ್ಸ್’ ಎಂಬ ಸೆಟ್ಟಿಂಗನ್ನು 3ಕ್ಕೆ ಏರಿಸಿ. 2021ರ ನಂತರದ ಆವೃತ್ತಿಗಳಲ್ಲಿ ಹಾಗೆ ಇಟ್ಟರೆ, ಅಕ್ಷರ ಕಾಣೆಯಾದ ಕೂಡಲೇ ಅದನ್ನು ದೋಷ ಎಂದೇ ಎಣಿಸಿ ನಿಮ್ಮ ಮುಖಕ್ಕೆ ಹಿಡಿಯುತ್ತದೆ. ಈ ಒಂದು ಸಾಲನ್ನು ಬರೆಯದೆ ಯಾವ ಗ್ರಂಥವನ್ನೂ ಪ್ರೆಸ್ಸಿಗೆ ಕಳಿಸಬೇಡಿ ಅನ್ನುವುದು ನನ್ನ ಕಳಕಳಿಯ ಮಾತು.

ಶ್ಲೋಕ ಕೂರಿಸುವ ಕೆಲಸದಲ್ಲಿ ಇದು ನಿಜಕ್ಕೂ ಖುಷಿ ಕೊಡುತ್ತದೆ. ಗೀತೆಯ 700 ಶ್ಲೋಕಗಳಲ್ಲಿ ಬಹುಪಾಲು ಎರಡು ಸಾಲಿನವು. ಹನ್ನೊಂದನೇ ಅಧ್ಯಾಯದಲ್ಲಿ ಉದ್ದನೆಯ ಛಂದಸ್ಸು ಬರುವಾಗ ನಾಲ್ಕು ಸಾಲು ಬೇಕಾಗುತ್ತದೆ. ಎರಡಕ್ಕೂ ಒಂದೊಂದು ಕಮಾಂಡ್ ಮಾಡಿಟ್ಟುಕೊಂಡರೆ ಆಯಿತು, ಸಂಖ್ಯೆ ತಾನೇ ಏರುತ್ತಾ ಹೋಗುತ್ತದೆ. ಸಾಲಿನ ಕೊನೆಯ ಜೋಡಿ ದಂಡ ಮತ್ತು ಸಂಖ್ಯೆ ಹಿಂದಿನ ಪದ ಬಿಟ್ಟು ಒಂಟಿಯಾಗಿ ಕೆಳಗಿನ ಸಾಲಿಗೆ ಜಾರಬಾರದು, ಅದನ್ನು ಆ ಕಮಾಂಡಿನೊಳಗೇ ಕಟ್ಟಿಹಾಕಬಹುದು. ಹಾಗೇ ‘ಶ್ರೀಭಗವಾನುವಾಚ’ ಎಂಬ ಸಾಲು. ಅದು ಪುಟದ ತಳದಲ್ಲಿ ಉಳಿದು, ಭಗವಂತನ ಮಾತು ಮುಂದಿನ ಪುಟದಲ್ಲಿ ಶುರುವಾದರೆ ಓದುವವರಿಗೆ ಕಸಿವಿಸಿ. ಇಲ್ಲಿ ಪುಟ ಒಡೆಯಬೇಡ ಅಂತ ಒಂದು ಸಲ ಹೇಳಿದರೆ ಸಾಕು, ಹದಿನೆಂಟು ಅಧ್ಯಾಯಕ್ಕೂ ಅದೇ ನಿಯಮ. ಆಮೇಲೆ ಪುಟದ ಅಳತೆ ಬದಲಾದರೂ ಒಂದೊಂದನ್ನೇ ಹುಡುಕಿ ಸರಿಪಡಿಸುವ ಕೆಲಸ ಇಲ್ಲ.

ವೇದಮಂತ್ರಗಳಿಗೆ ಬಂದರೆ ಸ್ವಲ್ಪ ತಾಳ್ಮೆ ಬೇಕು. ಪಠಣದ ಸ್ವರ ತೋರಿಸುವ ಗುರುತುಗಳಲ್ಲಿ ಅನುದಾತ್ತದ ಅಡ್ಡಗೆರೆ ಅಕ್ಷರದ ಕೆಳಗೆ, ಸ್ವರಿತದ ನಿಲುಗೆರೆ ಮೇಲೆ. ಕನ್ನಡ ಲಿಪಿಯಲ್ಲಿ ಕೆಳಗೆ ಆಗಲೇ ಒತ್ತಕ್ಷರ ಕುಳಿತಿರುತ್ತದೆ. ಅಡ್ಡಗೆರೆ ಅದನ್ನು ದಾಟಿ ಇನ್ನೂ ಕೆಳಗೆ ಹೋಗಬೇಕು. ಅದು ಸರಿಯಾಗಿ ಕೂರುವುದು ಬಿಡುವುದು ಫಾಂಟ್ ಮಾಡಿದವರ ಕೈಯಲ್ಲಿದೆ, ಝೀಟೆಕ್ ಫಾಂಟ್ ಹೇಳಿದ್ದನ್ನು ಪಾಲಿಸುತ್ತದೆ ಅಷ್ಟೇ. ಆದರೆ ಸಾಲುಗಳ ಅಂತರ ನಮ್ಮ ಜವಾಬ್ದಾರಿ. ಎರಡು ಸಾಲು ತೀರಾ ಹತ್ತಿರ ಬಂದವು ಅನ್ನಿಸಿದರೆ ಟೆಕ್ ನಡುವೆ ಒಂದಿಷ್ಟು ಜಾಗ ತಾನೇ ತುರುಕುತ್ತದೆ. ಪರಿಣಾಮವಾಗಿ ಒಂದು ಸಾಲು ದೂರ, ಒಂದು ಸಾಲು ಹತ್ತಿರ, ಪುಟ ಏರುಪೇರು. ಸಾಲಿನ ಅಂತರವನ್ನೇ ಮೊದಲಿಗೆ ಧಾರಾಳವಾಗಿ ಇಟ್ಟುಬಿಟ್ಟರೆ ಈ ತೊಂದರೆ ಹೋಗುತ್ತದೆ. ಸ್ವರ ಇರುವ ಪುಸ್ತಕ ಹೇಗಿದ್ದರೂ ನೋಡಿ ಪಠಿಸಲು ಇರುವಂಥದ್ದು, ಕಾಗದ ಉಳಿಸಲು ಹೋಗಬೇಡಿ.

ಪುಟದ ತಲೆಯ ಮೇಲೆ ಆ ಪುಟದಲ್ಲಿ ಯಾವ ವಚನದಿಂದ ಯಾವ ವಚನದವರೆಗೆ ಇದೆ ಅಂತ ಹಾಕುತ್ತಾರಲ್ಲ, ಅದು ನನಗೆ ಬಹಳ ಮುಖ್ಯ. 1189 ಅಧ್ಯಾಯ ಇರುವ ಬೈಬಲಿನಲ್ಲಿ ಹುಡುಕುವವರು ಮೊದಲು ನೋಡುವುದೇ ಅದನ್ನು. ಟೆಕ್‌ನಲ್ಲಿ ಇದಕ್ಕೆ ಗುರುತುಗಳ ವ್ಯವಸ್ಥೆ ಮೊದಲಿನಿಂದಲೂ ಇದೆ. ಪುಟ ಶುರುವಾಗುವ ಮುಂಚೆ ಇದ್ದ ಗುರುತು, ಪುಟದಲ್ಲಿ ಮೊದಲು ಬಂದ ಗುರುತು, ಕೊನೆಗೆ ಬಂದ ಗುರುತು, ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಬಹುದು. ಒಂದು ವಚನ ಹಿಂದಿನ ಪುಟದಿಂದ ಮುಂದುವರಿದಿದ್ದರೆ ತಲೆಬರಹದಲ್ಲಿ ಆ ವಚನ ಬರಬೇಕೋ ಅಥವಾ ಹೊಸದಾಗಿ ಶುರುವಾದದ್ದು ಬರಬೇಕೋ ಅನ್ನುವಷ್ಟು ಸೂಕ್ಷ್ಮವನ್ನೂ ನೀವೇ ತೀರ್ಮಾನಿಸಬಹುದು. 2022ರಲ್ಲಿ ಲೇಟೆಕ್ ಈ ಗುರುತುಗಳಿಗೆ ಹೊಸ ವ್ಯವಸ್ಥೆ ಕೊಟ್ಟ ಮೇಲೆ ಅಧ್ಯಾಯಕ್ಕೊಂದು, ವಚನಕ್ಕೊಂದು ಗುರುತು ಇಡುವುದು ಇನ್ನೂ ಸುಲಭವಾಗಿದೆ.

ಪಾಠಾಂತರ ಕೊಡುವವರಿಗೆ ರೆಲೆಡ್‌ಮ್ಯಾಕ್ ಎಂಬ ಪ್ಯಾಕೇಜ್, ಅಂದರೆ ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಕಮಾಂಡುಗಳ ಕಟ್ಟು, ಇದೆ. ಸಾಲಿನ ಸಂಖ್ಯೆ ಹಾಕುತ್ತದೆ, ಯಾವ ಹಸ್ತಪ್ರತಿಯಲ್ಲಿ ಯಾವ ಪಾಠ ಇದೆ ಅನ್ನುವುದನ್ನು ಸಾಲಿನ ಸಂಖ್ಯೆಯ ಸಮೇತ ಅಡಿಯಲ್ಲಿ ಕೊಡುತ್ತದೆ. ಪಾಠಾಂತರ ಒಂದು ಪದರದಲ್ಲಿ, ಆಕರ ಇನ್ನೊಂದು ಪದರದಲ್ಲಿ, ವಿವರಣೆ ಮತ್ತೊಂದರಲ್ಲಿ ಹೀಗೆ ಬೇರೆ ಬೇರೆ ಇಡಬಹುದು. ಇಷ್ಟು ಅಚ್ಚುಕಟ್ಟಾಗಿ ಮಾಡುವುದನ್ನು ನಾನು ಬೇರೆ ಕಡೆ ಕಂಡಿಲ್ಲ. ಅದರ ಜೊತೆಗಾರ ರೆಲೆಡ್‌ಪಾರ್ ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಅನುವಾದ ಕೂರಿಸುತ್ತದೆ. ಇದರ ಬಗ್ಗೆ ನನಗೆ ಅಷ್ಟು ಸಮಾಧಾನ ಇಲ್ಲ. ಮೂಲ ಎರಡೇ ಸಾಲು, ಅರ್ಥ ಹತ್ತು ಸಾಲು ಅಂತಾದರೆ ಎಡಪುಟ ಬಿಳಿಬಿಳಿಯಾಗಿ ಉಳಿಯುತ್ತದೆ. ಎರಡೂ ಕಡೆ ಹೊಂದಿಕೆಯಾಗಲು ಮತ್ತೆ ಮತ್ತೆ ಕಂಪೈಲ್ ಮಾಡಬೇಕು (ಫೈಲಿನಿಂದ ಪುಟಗಳನ್ನು ತಯಾರಿಸಬೇಕು), ಪುಸ್ತಕ ದೊಡ್ಡದಾದಷ್ಟೂ ಕಾಯುವುದು ಜಾಸ್ತಿ. ಅಧ್ಯಾಯಕ್ಕೊಂದು ಫೈಲ್ ಮಾಡಿ, ಕೆಲಸ ಮಾಡುತ್ತಿರುವ ಅಧ್ಯಾಯವನ್ನು ಮಾತ್ರ ಓಡಿಸುವುದು ಒಳ್ಳೆಯದು.

ಟೆಕ್‌ನ ದೊಡ್ಡ ಕೊರತೆ ಪುಟದ ಲೆಕ್ಕಾಚಾರದಲ್ಲಿದೆ. ಒಂದು ಪ್ಯಾರಾವನ್ನು ಸಾಲುಗಳಾಗಿ ಒಡೆಯುವಾಗ ಅದು ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ ಅತ್ಯುತ್ತಮ ದಾರಿ ಆರಿಸುತ್ತದೆ, ಅದಕ್ಕೇ ಅದರ ಸಾಲುಗಳು ಅಷ್ಟು ಸಮವಾಗಿ ಕಾಣುವುದು. ಪುಟಗಳನ್ನು ಮಾತ್ರ ಒಂದೊಂದಾಗಿ ಒಡೆಯುತ್ತಾ ಹೋಗುತ್ತದೆ. ಮುಂದಿನ ಪುಟ ಏನಾದೀತು ಅಂತ ನೋಡುವುದಿಲ್ಲ. ಕುರಾನಿನ ಪ್ರಸಿದ್ಧ ಮದೀನಾ ವಿನ್ಯಾಸವನ್ನು ತೆಗೆದುಕೊಳ್ಳಿ. 604 ಪುಟ, ಪುಟಕ್ಕೆ 15 ಸಾಲು, ಪ್ರತಿ ಪುಟವೂ ಆಯತ್ (ಕುರಾನಿನ ವಚನ) ಮುಗಿಯುವಲ್ಲಿಯೇ ಮುಗಿಯಬೇಕು. ಕಂಠಪಾಠ ಮಾಡುವವರಿಗೆ ಯಾವ ಆಯತ್ ಪುಟದ ಯಾವ ಮೂಲೆಯಲ್ಲಿದೆ ಅನ್ನುವುದೂ ನೆನಪಿನ ಭಾಗ. ಇದನ್ನು ಟೆಕ್ ತಾನಾಗಿ ಮಾಡಲಾರದು. ಸಾಲು ಎಲ್ಲಿ ಒಡೆಯಬೇಕು, ಪುಟ ಎಲ್ಲಿ ಮುಗಿಯಬೇಕು ಅನ್ನುವುದನ್ನು ನಾವೇ ಬರೆದುಕೊಡಬೇಕು. ಗುರು ಗ್ರಂಥ ಸಾಹಿಬ್‌ನ 1430 ಪುಟಗಳ ನಿಗದಿತ ವಿನ್ಯಾಸಕ್ಕೂ ಇದೇ ಮಾತು. ಅರೇಬಿಕ್‌ನಲ್ಲಿ ಇನ್ನೊಂದು ತೊಡಕು: ಬಲದಿಂದ ಎಡಕ್ಕೆ ಬರೆಯಲು ಝೀಲೇಟೆಕ್ ಬಳಸುವ ‘ಬಿಡಿ’ (bidi) ಎಂಬ ಹೆಸರಿನ ಪ್ಯಾಕೇಜ್ ಬೇರೆ ಪ್ಯಾಕೇಜುಗಳ ಜೊತೆ ಜಗಳಕ್ಕೆ ಬೀಳುತ್ತದೆ, ಅದನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಬೇಕು. ಅರೇಬಿಕ್, ಹೀಬ್ರೂ ಮಾಡುವವರು ಯುನಿಕೋಡ್ ಬಲ್ಲ ಇನ್ನೊಂದು ಲೇಟೆಕ್ ಆದ ಲುವಾಲೇಟೆಕ್ ಕಡೆಗೆ ಹೋಗುವುದು ವಾಸಿ. ಆಯತ್ ಮುಗಿಯುವ ಗುರುತಿನೊಳಗೆ ಸಂಖ್ಯೆ ಕೂರುವುದು ಫಾಂಟಿನ ಕೆಲಸ. ಅಮೀರಿ, ಶೆಹರಾಝಾದ್ ಫಾಂಟುಗಳು ಅದನ್ನು ಚೆನ್ನಾಗಿ ಮಾಡುತ್ತವೆ.

ಪೂರ್ತಿ ಬೈಬಲ್ ಮಾಡುವವರು ಲೇಟೆಕ್‌ನಲ್ಲಿ ಮೊದಲಿನಿಂದ ಶುರು ಮಾಡಬೇಡಿ ಅಂತಲೇ ಹೇಳುತ್ತೇನೆ. ಎರಡು ಕಾಲಂ, ಅಡಿಟಿಪ್ಪಣಿ, ಸಂಬಂಧಿಸಿದ ಬೇರೆ ವಚನಗಳ ಸೂಚಿ, ಚಿತ್ರ, ನಕ್ಷೆ ಎಲ್ಲ ಸೇರಿದರೆ ಒಬ್ಬರ ಕೈಗೆ ನಿಲುಕುವ ಕೆಲಸ ಅಲ್ಲ. ಅನುವಾದಕರು ಪ್ಯಾರಾಟೆಕ್ಸ್ಟ್ ತಂತ್ರಾಂಶದಲ್ಲಿ ಯುಎಸ್‌ಎಫ್‌ಎಂ ಎಂಬ ಗುರುತುಗಳ ಪದ್ಧತಿ ಬಳಸುತ್ತಾರೆ. ಅಧ್ಯಾಯಕ್ಕೆ ಒಂದು ಗುರುತು, ವಚನಕ್ಕೆ ಒಂದು, ಪದ್ಯದ ಸಾಲಿಗೆ ಒಂದು, ಯೇಸುವಿನ ಮಾತಿಗೂ ಪ್ರತ್ಯೇಕ ಗುರುತು. ಆ ಫೈಲುಗಳನ್ನು ಪಿಟಿಎಕ್ಸ್‌ಪ್ರಿಂಟ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ ಅದು ಒಳಗೆ ಝೀಟೆಕ್ ಓಡಿಸಿಯೇ ಪುಸ್ತಕದ ಪುಟಗಳನ್ನು ಕೊಡುತ್ತದೆ. ಕಮಾಂಡ್ ಬರೆಯಬೇಕಿಲ್ಲ, ಪರದೆಯ ಮೇಲೆ ಆಯ್ಕೆ ಮಾಡುತ್ತಾ ಹೋಗಬಹುದು. ಟೆಕ್ ಕಲಿಯಲು ಮನಸ್ಸಿಲ್ಲದವರಿಗೂ ಇದು ಸಾಕು.

ತೆಳು ಕಾಗದದ ಸಮಸ್ಯೆಯನ್ನೂ ಹೇಳಬೇಕು. ಬೈಬಲ್ ಕಾಗದದಲ್ಲಿ ಹಿಂದಿನ ಪುಟದ ಅಚ್ಚು ಈಚೆ ಕಾಣುತ್ತದೆ. ಎರಡೂ ಬದಿಯ ಸಾಲುಗಳು ಬೆನ್ನಿಗೆ ಬೆನ್ನು ತಾಗಿಸಿಕೊಂಡ ಹಾಗೆ ಒಂದೇ ಮಟ್ಟದಲ್ಲಿ ಬಂದರೆ ಕಣ್ಣಿಗೆ ಹಿತ, ಇಲ್ಲದಿದ್ದರೆ ಸಾಲುಗಳ ನಡುವಿನ ಬಿಳಿಯೆಲ್ಲ ಬೂದು. ಲೇಟೆಕ್‌ನಲ್ಲಿ ಒಂದು ಉಪಶೀರ್ಷಿಕೆ ಬಂದರೆ ಸಾಕು, ಈ ಮಟ್ಟ ತಪ್ಪುತ್ತದೆ. ಶೀರ್ಷಿಕೆಯ ಮೇಲಿನ ಕೆಳಗಿನ ಜಾಗ ಸೇರಿ ಪೂರ್ಣ ಸಾಲುಗಳಷ್ಟೇ ಆಗುವಂತೆ ನಾವು ಲೆಕ್ಕ ಹಾಕಿ ಕೊಡಬೇಕು. ಸೈಮನ್ ಕೋಝೆನ್ಸ್ ಶುರು ಮಾಡಿದ ಸೈಲ್ ಎಂಬ ಹೊಸ ತಂತ್ರಾಂಶ ಈ ವಿಷಯದಲ್ಲಿ ಮುಂದಿದೆ. ಸಾಲುಗಳನ್ನು ಒಂದೇ ಜಾಲರಿಯಲ್ಲಿ ಕೂರಿಸುವ ಸೌಲಭ್ಯ ಅದರೊಳಗೇ ಇದೆ, ಬೈಬಲಿಗೆ ಮತ್ತು ಎರಡು ಭಾಷೆಯ ಪುಸ್ತಕಕ್ಕೆ ಸಿದ್ಧ ಮಾದರಿಗಳೂ ಬರುತ್ತವೆ. ಆದರೆ ಲೇಟೆಕ್‌ಗೆ ಇರುವಷ್ಟು ಪ್ಯಾಕೇಜುಗಳು ಅದಕ್ಕಿಲ್ಲ. ಸಿಕ್ಕಿಹಾಕಿಕೊಂಡಾಗ ಕೇಳಲು ಅಷ್ಟು ಜನವೂ ಇಲ್ಲ.

ಹಾಗಾದರೆ ಝೀಲೇಟೆಕ್ ಯಾರಿಗೆ? ಮೂಲ, ಪದಚ್ಛೇದ, ಅರ್ಥ, ವ್ಯಾಖ್ಯಾನ ಹೀಗೆ ಒಂದೇ ಅಚ್ಚಿನ ರಚನೆ ನೂರಾರು ಸಲ ಮರುಕಳಿಸುವ ಪುಸ್ತಕಕ್ಕೆ ಇದು ಹೇಳಿ ಮಾಡಿಸಿದ್ದು. ಹತ್ತು ಪುಟದ ಸ್ತೋತ್ರದ ಕಿರುಪುಸ್ತಕಕ್ಕೆ, ಪ್ರತಿ ಪುಟಕ್ಕೂ ಬೇರೆ ಬೇರೆ ಚಿತ್ರ ಚೌಕಟ್ಟು ಬೇಕೆನ್ನುವವರಿಗೆ ಸುಮ್ನೆ ಹಿಂಸೆ. ಕಲಿಯುವವರು ಇಡೀ ಗ್ರಂಥ ಹಿಡಿದುಕೊಂಡು ಕೂರಬೇಡಿ. ಅದರಲ್ಲೇ ತೀರಾ ಉದ್ದದ ಶ್ಲೋಕ, ತೀರಾ ಚಿಕ್ಕ ಶ್ಲೋಕ, ಗದ್ಯ ಇರುವ ಭಾಗ, ಟಿಪ್ಪಣಿ ಕಿಕ್ಕಿರಿದ ಭಾಗ ಆರಿಸಿ ನಾಲ್ಕು ಪುಟ ಮಾಡಿ. ಅಷ್ಟರಲ್ಲೇ ಬರಬೇಕಾದ ತೊಂದರೆಗಳು ಬಹುಪಾಲು ಬಂದಿರುತ್ತವೆ.

ಒಂದು ಬೇಸರ ಉಳಿದಿದೆ. ತಯಾರಾದ ಪಿಡಿಎಫ್‌ನಿಂದ ನಮ್ಮ ಲಿಪಿಯ ಪಠ್ಯ ನಕಲು ಮಾಡಿದರೆ ಒತ್ತಕ್ಷರಗಳು, ಅರ್ಕಾವತ್ತುಗಳು ಎಷ್ಟೋ ಸಲ ಸ್ಥಾನ ತಪ್ಪಿ ಬರುತ್ತವೆ, ಹುಡುಕಿದರೆ ಕಣ್ಣೆದುರಿಗಿರುವ ಪದವೂ ಸಿಗುವುದಿಲ್ಲ. ಕಾಗದದ ಮೇಲೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಈಗ ಹೆಚ್ಚಿನವರು ಓದುವುದೂ ಹುಡುಕುವುದೂ ಮೊಬೈಲಿನಲ್ಲೇ, ತಪ್ಪಿದ ಅಕ್ಷರಗಳ ಪಾಠ ಅಲ್ಲಿಂದ ಹಾಗೇ ಹಂಚಿಕೆಯಾಗಿಬಿಡುತ್ತದೆ. ಅದಕ್ಕಾಗಿ ನಾನು ಪಿಡಿಎಫ್ ಕೊಡುವಾಗಲೆಲ್ಲ ಅದರ ಪಕ್ಕದಲ್ಲೇ ಮೂಲದ ಯುನಿಕೋಡ್ ಫೈಲನ್ನೂ ಇಡುತ್ತೇನೆ, ನಕಲು ಬೇಕಾದವರು ಅದರಿಂದಲೇ ತೆಗೆದುಕೊಳ್ಳಲಿ ಅಂತ ಮೊದಲ ಪುಟದಲ್ಲೇ ಬರೆದಿರುತ್ತೇನೆ.