ಮೂರು ತುಂಡಿನ ಏರ್‌ಲಾಕ್: ಸಣ್ಣ ಮನೆಯಲ್ಲಿ ಬಿಯರ್ ಹುದುಗಿಸುವವರಿಗೆ ಇಷ್ಟು ಸಾಕೇ?

ಬಿಯರ್ ಹುದುಗುವ ಬಕೆಟ್ಟಿನ ಮುಚ್ಚಳಕ್ಕೆ ಸಿಕ್ಕಿಸಿ, ಅದರೊಳಗೆ ಸ್ವಲ್ಪ ನೀರು ತುಂಬಿಡುವ, ಎರಡು ಡಾಲರ್ ಆಸುಪಾಸಿಗೆ ಸಿಗುವ ಪ್ಲಾಸ್ಟಿಕ್ ಸಾಮಾನು ಇದು. ಹೊರಗಿನ ಗಾಳಿಯನ್ನು ಪಾತ್ರೆಯೊಳಗೆ ಬಿಡುವುದಿಲ್ಲ, ಆ ಕೆಲಸದಲ್ಲಿ ಎರಡು ಮಾತಿಲ್ಲ. ಆದರೆ ಒಳಗಿನ ವಾಸನೆಯನ್ನೂ ತಡೆಯುತ್ತದೆ ಎಂದುಕೊಂಡು ಕೊಂಡರೆ ನಿರಾಸೆ ಖಂಡಿತ. ನೀರಿನಿಂದ ಮೇಲೆದ್ದ ಪ್ರತಿ ಗುಳ್ಳೆಯೂ ಒಡೆಯುವುದು ನೀವು ಮಲಗುವ ಕೋಣೆಯಲ್ಲೇ. ಸಕ್ಕರೆ ಹುದುಗಿ 20 ಲೀಟರ್ ಬಿಯರಿನ ಸಾಪೇಕ್ಷ ಸಾಂದ್ರತೆ (ನೀರಿಗೆ 1.000) 1.050ರಿಂದ 1.010ಕ್ಕೆ ಇಳಿಯುವಷ್ಟರಲ್ಲಿ ಸುಮಾರು 800 ಗ್ರಾಂ ಇಂಗಾಲದ ಡೈಆಕ್ಸೈಡ್, ಅಂದರೆ 400 ಲೀಟರಿಗೂ ಮಿಕ್ಕ ಅನಿಲ, ಹೊರಬೀಳುತ್ತದೆ. ಬಹುಪಾಲು ಮೊದಲ ಮೂರು ನಾಲ್ಕು ದಿನಗಳಲ್ಲೇ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ), ಯೀಸ್ಟ್, ಗಂಧಕದ ವಾಸನೆಗಳೆಲ್ಲ ಈ ಅನಿಲದ ಜೊತೆಗೇ ಬರುತ್ತವೆ. ಬಟ್ಟೆಯ ಕಪಾಟಿನೊಳಗೆ ಬಕೆಟ್ ಇಡುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಅಂಗಿಗಳಿಗೆ ವಾಸನೆ ಹತ್ತುವುದು ಒಂದು ಕಡೆಯಾದರೆ, ಮುಚ್ಚಿದ ಜಾಗದಲ್ಲಿ ಅಷ್ಟು ಅನಿಲ ಸೇರುವುದು ಆರೋಗ್ಯಕ್ಕೂ ಒಳ್ಳೆಯದಲ್ಲ.

ಇದು ಅಮೆರಿಕ, ಬ್ರಿಟನ್‌ನಂಥ ಕಡೆ ಇರುವ ಕನ್ನಡಿಗರಿಗಾಗಿ ಬರೆದದ್ದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಊರಲ್ಲಿರುವವರು ಎಲೆಕೋಸನ್ನು ಉಪ್ಪಿನಲ್ಲಿ ಹುದುಗಿಸುವಾಗ ಇದೇ ಏರ್‌ಲಾಕ್ ಬಳಸಬಹುದು. ಅದರ ವಾಸನೆಯೇನೂ ಕಡಿಮೆಯದಲ್ಲ.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಎಸ್ ಆಕಾರದ್ದು ಒಂದೇ ಅಖಂಡ ತುಂಡು. ಪಾತ್ರೆ ತಣ್ಣಗಾಗಿ ಒಳಗೆ ಹೀರಿಕೊಂಡಾಗ ಅದರಲ್ಲಿ ಬರೀ ಗಾಳಿ ಹಿಂದಕ್ಕೆ ಹೋಗುತ್ತದೆ, ನೀರು ಹೋಗುವುದಿಲ್ಲ. ಆದರೆ ನೊರೆ ಒಮ್ಮೆ ಹೊಕ್ಕಿತೋ, ಒಳಗೆ ಬ್ರಷ್ ಹಾಕಲು ದಾರಿಯಿಲ್ಲ. ಒಣಗಿದ ಯೀಸ್ಟ್ ಅಲ್ಲೇ ಕೂತು ಹುಳಿ ನಾತ ಹಿಡಿಯುತ್ತದೆ. ಮೂರು ತುಂಡಿನದ್ದನ್ನು ಬಿಚ್ಚಿ ತೊಳೆಯಬಹುದು. ಫ್ರಿಜ್ಜಿನಲ್ಲಿಟ್ಟು ತಣಿಸುವಾಗ ಮಾತ್ರ ಇದು ನೀರನ್ನು ಬಿಯರಿಗೆ ಎಳೆದುಬಿಡುತ್ತದೆ. ಹಾಗಾಗಿ ಒಳಗೆ ನಲ್ಲಿ ನೀರಿನ ಬದಲು ವೋಡ್ಕಾ ಅಥವಾ ಬಿಯರ್ ಪಾತ್ರೆಗಳಿಗೆ ಬಳಸುವ ಸ್ಟಾರ್ ಸ್ಯಾನ್‌ನಂಥ ಸ್ಯಾನಿಟೈಸರ್ ಇರಲಿ.

ಆದರೂ ನಮ್ಮ ಮತ ಮೂರು ತುಂಡಿನದ್ದಕ್ಕೇ, ಕಾರಣ ಅದರ ನಡುವಿನ ಕೊಳವೆ. ಟೋಪಿಯನ್ನೂ ಒಳಗಿನ ತೇಲುವ ತುಂಡನ್ನೂ ತೆಗೆದರೆ ಆ ಕೊಳವೆಯ ಮೇಲೆ ಅರ್ಧ ಇಂಚು ಒಳವ್ಯಾಸದ ಪೈಪು ಬಿಗಿಯಾಗಿ ಕೂರುತ್ತದೆ. ವಾಸನೆಯ ಸಮಸ್ಯೆಗೆ ಪರಿಹಾರ ಶುರುವಾಗುವುದು ಇಲ್ಲಿಂದ.

ಬಿಗಿ ಮುಚ್ಚಳದ ಒಂದು ಲೀಟರಿನ ಜಾಡಿ ತಗೊಳ್ಳಿ. ಮುಚ್ಚಳಕ್ಕೆ ಎರಡು ತೂತು ಕೊರೆದು ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಬಿಗಿಯಾಗಿ ಕೂರುವ ಉಂಗುರ) ಹಾಕಿ. ಬಕೆಟ್ಟಿನಿಂದ ಬರುವ ಪೈಪು ಜಾಡಿಯ ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿದರೆ ಸಾಕು. ಎರಡನೇ ಪೈಪಿನ ತುದಿ ನೀರಿಗೆ ತಾಗದೆ ಮೇಲೇ ಇರಬೇಕು, ಅದರ ಇನ್ನೊಂದು ತುದಿ ಕಿಟಕಿಯಿಂದಾಚೆಗೆ. ಜಾಡಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಸ್ಟಾರ್ ಸ್ಯಾನ್ ಹಾಕಿದ್ದರೆ ಅದು ನೊರೆಯೆದ್ದು ಎರಡನೇ ಪೈಪನ್ನೂ ಹತ್ತುತ್ತದೆ. ಜಾಡಿಯನ್ನೇ ಬಾಲ್ಕನಿಯಲ್ಲಿಟ್ಟರೆ ಈ ರಗಳೆ ಯಾಕೆ ಎಂದು ಕೇಳಬಹುದು. ಚಳಿನಾಡಿನಲ್ಲಿ ಆ ನೀರು ರಾತ್ರಿ ಹೆಪ್ಪುಗಟ್ಟಿ ಪೈಪು ಮುಚ್ಚಿಹೋದರೆ ಬೆಳಗ್ಗೆ ಬಕೆಟ್ಟಿನ ಮುಚ್ಚಳ ಸೂರಿಗೆ ಹಾರಿರುತ್ತದೆ. ಪೈಪು ನಡುವೆ ಜೋಲು ಬೀಳದಂತೆಯೂ ನೋಡಿಕೊಳ್ಳಿ, ಜೋಲಿನಲ್ಲಿ ನೊರೆ ನಿಂತು ಕಟ್ಟಿಕೊಳ್ಳುತ್ತದೆ. ಸಿಲಿಕೋನ್ ಪೈಪು ತೊಳೆಯಲು ಹಗುರ, ಆದರೆ ಅನಿಲವನ್ನು ತನ್ನ ಗೋಡೆಯ ಮೂಲಕವೇ ಸೋರಿಸುವ ಗುಣ ಅದಕ್ಕಿದೆ. ಈ ಕೆಲಸಕ್ಕೆ ಪಿವಿಸಿ ಪೈಪೇ ಮೇಲು.

ಏರ್‌ಲಾಕಿನ ಕೆಳತುದಿಯಲ್ಲಿ ಶಿಲುಬೆಯಾಕಾರದ ಒಂದು ಅಡ್ಡಪಟ್ಟಿ ಇರುತ್ತದೆ. ಹಾಪ್ಸ್ ಚೂರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ, ಚಾಕುವಿನಿಂದ ಕತ್ತರಿಸಿ ಎಸೆಯಿರಿ. ಗೋಧಿ ಬಿಯರಿನಂಥ ಉಕ್ಕುವ ಜಾತಿಗೆ 23 ಲೀಟರಿಗೆ 30 ಲೀಟರಿನ ಬಕೆಟ್ ಬೇಕೇ ಬೇಕು.

ಇಷ್ಟೆಲ್ಲ ಮಾಡಿಯೂ ಮನೆ ನಾರಿದರೆ ಬಕೆಟ್ಟಿನ ಮುಚ್ಚಳ ನೋಡಿ. ಪೈಪು ತೆಗೆದು ಏರ್‌ಲಾಕನ್ನು ಮತ್ತೆ ಜೋಡಿಸಿ, ಮುಚ್ಚಳವನ್ನು ಮೆಲ್ಲಗೆ ಅದುಮಿ ಹಿಡಿಯಿರಿ. ಒಳಗಿನ ತೇಲು ಮೇಲೇ ನಿಲ್ಲಬೇಕು. ಅದುಮಿದ ಕೈ ತೆಗೆಯುವ ಮೊದಲೇ ಅದು ಇಳಿದರೆ ಅಂಚಿನಲ್ಲಿ ಸೋರಿಕೆ ಇದೆ, ಅನಿಲ ಅಲ್ಲಿಂದಲೇ ಹೋಗುತ್ತಿದೆ. ಗುಳ್ಳೆ ಬರುತ್ತಿಲ್ಲ, ಯೀಸ್ಟ್ ಸತ್ತಿದೆ ಎಂದು ಗಾಬರಿಯಾಗುವವರ ಬಕೆಟ್ಟಿನಲ್ಲೂ ಎಷ್ಟೋ ಸಲ ಇದೇ ಕಥೆ.

ಏರ್‌ಲಾಕಿಗೆ ಸಿಕ್ಕಿಸುವ ಇದ್ದಿಲಿನ ಫಿಲ್ಟರ್ ಕೊಳ್ಳಬೇಕೆ? ಹಣ್ಣಿನ, ಯೀಸ್ಟಿನ ವಾಸನೆಯನ್ನು ಅದು ತಕ್ಕಮಟ್ಟಿಗೆ ಹೀರುತ್ತದೆ. ತೇವವಾದಷ್ಟೂ ಶಕ್ತಿ ಕುಂದುತ್ತದೆ, ಕೊಳೆತ ಮೊಟ್ಟೆಯ ವಾಸನೆಗಂತೂ ಸಾದಾ ಇದ್ದಿಲು ಹೆಚ್ಚು ಹೊತ್ತು ಬಗ್ಗುವುದಿಲ್ಲ. ಆ ದುಡ್ಡಿಗೆ ಎರಡು ಮೀಟರ್ ಪೈಪು ಬರುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಸಾಫ್‌ಲಾಗರ್ ಡಬ್ಲ್ಯೂ-34/70ರಂಥ ಲಾಗರ್ ಯೀಸ್ಟಿನಲ್ಲಿ ಅದು ಸಹಜ, ಬಿಯರ್ ಮಾಗಿದಂತೆ ಹೋಗುತ್ತದೆ. ಒಂದೇ ಕೋಣೆಯ ಸ್ಟುಡಿಯೋ ಮನೆಯಲ್ಲಿ ಇರುವವರು ಸಾಫೇಲ್ ಯುಎಸ್-05ರಂಥ ಹೆಚ್ಚು ನಾರದ ಯೀಸ್ಟಿನಿಂದ ಶುರುಮಾಡುವುದು ಲೇಸು. ಹುದುಗುವಾಗ ಬಕೆಟ್ಟಿನ ಒಳಗು ಕೋಣೆಗಿಂತ ಎರಡು ಮೂರು ಡಿಗ್ರಿ ಬಿಸಿ ಇರುತ್ತದೆ. ಆದ್ದರಿಂದ ತಾಪ ಅಳೆಯಬೇಕಾದ್ದು ಬಕೆಟ್ಟಿನದು, ಕೋಣೆಯದಲ್ಲ. 18ರಿಂದ 20 ಡಿಗ್ರಿಯಲ್ಲಿ ನಿಲ್ಲಿಸಿ. ಸೇಬಿನ ರಸದ ಸೈಡರ್ ನಾರುವುದಕ್ಕೆ ಮುಖ್ಯ ಕಾರಣ ಬೇರೆ: ರಸದಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ ಸಾಲದು. ನಾಲ್ಕು ಲೀಟರಿಗೆ ಒಂದೂವರೆ ಗ್ರಾಂ ಫರ್ಮೇಡ್ ಓ ಎಂಬ ಯೀಸ್ಟ್ ಆಹಾರದ ಪುಡಿಯನ್ನು ಎರಡು ಪಾಲು ಮಾಡಿ, ಮೊದಲ ಪಾಲು ಮರುದಿನ, ಎರಡನೆಯದು ಮೂರನೇ ಒಂದು ಭಾಗ ಸಕ್ಕರೆ ಹುದುಗಿ ಮುಗಿದಾಗ ಹಾಕಿ. ವಿನೆಗರ್ ಅಥವಾ ವಾಂತಿಯ ವಾಸನೆ ಬಂದರೆ ಮಾತ್ರ ಅದು ಸೋಂಕು. ಪೈಪಿನಿಂದಲೂ ಪುಡಿಯಿಂದಲೂ ಸರಿಹೋಗದು.

ಪಕ್ಕದ ಮನೆಯವರು ಬಾಗಿಲು ತಟ್ಟುವುದು ಬಹುಮಟ್ಟಿಗೆ ವರ್ಟ್ (ಮೊಳಕೆ ಧಾನ್ಯ, ಅಂದರೆ ಮಾಲ್ಟಿನ ಸಿಹಿ ರಸ) ಕುದಿಸುವ ದಿನ, ಹುದುಗುವ ವಾರದಲ್ಲಲ್ಲ. ಒಂದು ಗಂಟೆ ಕುದಿದರೆ ಮೂರು ನಾಲ್ಕು ಲೀಟರ್ ನೀರು ಆವಿಯಾಗಿ ಮನೆ ತುಂಬುತ್ತದೆ. ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಬಿಡದೆ ಸೋಸಿ ಅಡುಗೆಮನೆಗೇ ಮರಳಿಸುವ ಜಾತಿಯದಾದರೆ ನಾಲ್ಕು ಲೀಟರಿನ ಸಣ್ಣ ಪಾಕವೇ ಸರಿ. ಬಾಟಲಿಗೆ ತುಂಬಿದ ಮೇಲೆ ಉಳಿದ ಗಸಿಯನ್ನು ಸಿಂಕಿಗೆ ಸುರಿಯಬೇಡಿ, ಪೈಪಿನ ತಿರುವಿನಲ್ಲಿ ಕೂತು ದಿನಗಟ್ಟಲೆ ನಾರುತ್ತದೆ. ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಿ. ಮಾಲ್ಟಿನ ಚರಟವನ್ನು ಅದೇ ದಿನ ಕಸಕ್ಕೆ ಕಳಿಸಿ, ಆಗದಿದ್ದರೆ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ.